ಎಕ್ಸ್‌ಇ ಫೈಲ್‌ನೊಳಗೆ ಬರೆದವರ ಹೆಸರೂ ಇರುತ್ತದೆ, ಒಮ್ಮೆ ತೆರೆದು ನೋಡಿ

ಸಂಪಾದಕರಿಗೆ ನಮಸ್ಕಾರ.

ಮೊಬೈಲ್ ಆ್ಯಪ್‌ಗಳು ನಮ್ಮ ಕಾಂಟ್ಯಾಕ್ಟ್, ಲೊಕೇಶನ್, ಫೋಟೊ ಎಲ್ಲವನ್ನೂ ಕೇಳುತ್ತವೆ, ಹುಷಾರು ಅಂತ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಬರಬೇಕಾದ್ದೇ. ಆದರೆ ಅಂಥ ಲೇಖನಗಳಲ್ಲಿ ಕದಿಯುವವರು ಯಾವಾಗಲೂ ಆ್ಯಪ್ ಮಾಡಿದವರು, ಕಳೆದುಕೊಳ್ಳುವವರು ಅದನ್ನು ಬಳಸುವ ನಾವು. ಇದರ ಉಲ್ಟಾ ಕಥೆಯೊಂದಿದೆ, ಅದರ ಬಗ್ಗೆ ಕನ್ನಡದಲ್ಲಿ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಸಾಫ್ಟ್‌ವೇರ್ ಬರೆದವರದ್ದೇ ಹೆಸರು, ಅವರ ಕಂಪ್ಯೂಟರಿನ ಫೋಲ್ಡರ್‌ಗಳು, ಕೆಲವೊಮ್ಮೆ ಪಾಸ್‌ವರ್ಡ್ ಕೂಡ, ಅವರೇ ಹಂಚಿದ ಫೈಲ್‌ನೊಳಗೆ ಕೂತು ಊರೆಲ್ಲ ಸುತ್ತುತ್ತಿರುತ್ತವೆ. ಅವರಿಗೆ ಗೊತ್ತೇ ಇರುವುದಿಲ್ಲ.

ನಮ್ಮ ರಾಜ್ಯದಲ್ಲಿ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವರು ಎಷ್ಟು ಮಂದಿ ಅಂತ ನಾನು ಹೇಳಬೇಕಿಲ್ಲ. ಕೆಲಸದ ಮೇಲೆ ಬರೆಯುವವರು ಒಂದು ಕಡೆ. ರಾತ್ರಿ ಊಟ ಆದ ಮೇಲೆ ಖುಷಿಗೆ ಅಂತ ಒಂದು ಸಣ್ಣ ಟೂಲ್ ಬರೆದು ಫ್ರೀಯಾಗಿ ಇಂಟರ್ನೆಟ್‌ನಲ್ಲಿ ಹಾಕುವವರು ಇನ್ನೊಂದು ಕಡೆ. ಈ ಪತ್ರ ಇಬ್ಬರಿಗೂ. ಅದಕ್ಕಿಂತ ಜಾಸ್ತಿ, ಇವರಿಂದ ಸಾಫ್ಟ್‌ವೇರ್ ಮಾಡಿಸಿಕೊಳ್ಳುವ ಸಂಘ, ಶಾಲೆ, ಅಂಗಡಿಯವರಿಗೆ.

ಮೊದಲು ವಿಷಯ ಏನು ಅಂತ ಹೇಳಿಬಿಡುತ್ತೇನೆ. ಪ್ರೋಗ್ರಾಂ ಬರೆಯುವಾಗ ಅದು ಓದಬಹುದಾದ ಅಕ್ಷರಗಳಲ್ಲಿರುತ್ತದೆ. ಅದನ್ನು ಕಂಪೈಲ್ ಮಾಡಿದ ಮೇಲೆ ಸಿಗುವುದು ಯಂತ್ರಕ್ಕೆ ಮಾತ್ರ ಅರ್ಥವಾಗುವ ಫೈಲ್. ಇದರಿಂದ ತುಂಬ ಜನರಿಗೆ, ಎಂಜಿನಿಯರಿಂಗ್ ಓದಿದವರಿಗೂ, ಒಂದು ತಪ್ಪು ನಂಬಿಕೆ ಬಂದಿದೆ: ಕಂಪೈಲ್ ಆಯಿತು ಅಂದರೆ ಎಲ್ಲ ಸೊನ್ನೆ-ಒಂದು, ಇನ್ನು ಯಾರಿಗೂ ಏನೂ ಕಾಣುವುದಿಲ್ಲ ಅಂತ. ಹಾಗೇನಿಲ್ಲ. ಪ್ರೋಗ್ರಾಂ ತೆರೆಯ ಮೇಲೆ ತೋರಿಸುವ ಮಾತುಗಳು, ಅದು ಸಂಪರ್ಕಿಸುವ ಸರ್ವರ್ ವಿಳಾಸ, ಎರರ್ ಮೆಸೇಜು ಇವೆಲ್ಲ ಅಕ್ಷರಗಳಾಗಿಯೇ ಉಳಿಯುತ್ತವೆ. ಉಳಿಯಲೇಬೇಕು, ಇಲ್ಲದಿದ್ದರೆ ಪ್ರೋಗ್ರಾಂ ಅವನ್ನು ತೋರಿಸುವುದಾದರೂ ಹೇಗೆ? ತೊಂದರೆ ಇರುವುದು ಇವುಗಳ ಜೊತೆಗೆ ಹೇಳದೆ ಕೇಳದೆ ಸೇರಿಕೊಳ್ಳುವ ಸಂಗತಿಗಳಲ್ಲಿ. ಟೈಲರ್ ಅಂಗಡಿಯಲ್ಲಿ ಬಟ್ಟೆಗೆ ಒಂದು ಚೀಟಿ ಪಿನ್ ಮಾಡಿರುತ್ತಾರಲ್ಲ, ಹೆಸರು, ಅಳತೆ, ಫೋನ್ ನಂಬರ್ ಬರೆದು, ಆ ಚೀಟಿ ಒಳಗೇ ಇಟ್ಟು ಹೊಲಿದುಬಿಟ್ಟ ಹಾಗೆ.

ಒಮ್ಮೆ ನೋಡಬೇಕು ಅನ್ನುವವರು ಹೀಗೆ ಮಾಡಿ. ನೀವೇ ವಿಂಡೋಸ್‌ನಲ್ಲಿ ಮಾಡಿದ ಒಂದು ಎಕ್ಸ್‌ಇ ಫೈಲ್‌ನ (ಡಬಲ್ ಕ್ಲಿಕ್ ಮಾಡಿದರೆ ಓಡುವ ಪ್ರೋಗ್ರಾಂ ಫೈಲ್) ಕಾಪಿ ತೆಗೆದು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಹುಳು ಹರಿದಂಥ ಅಕ್ಷರಗಳು ಪುಟಗಟ್ಟಲೆ ಬರುತ್ತವೆ, ಹೆದರಬೇಡಿ. ಕಂಟ್ರೋಲ್ ಎಫ್ ಒತ್ತಿ ‘ಯೂಸರ್ಸ್’ ಅಂತ ಇಂಗ್ಲಿಷ್‌ನಲ್ಲಿ ಹುಡುಕಿ. ಸಿ ಡ್ರೈವ್, ಅದರೊಳಗೆ ಯೂಸರ್ಸ್, ಅದರೊಳಗೆ ನಿಮ್ಮ ಹೆಸರು, ಅದರೊಳಗೆ ಪ್ರಾಜೆಕ್ಟ್ ಇಟ್ಟ ಫೋಲ್ಡರ್, ಕೊನೆಗೆ ಪಿಡಿಬಿ ಅಂತ ಮುಗಿಯುವ ಒಂದು ಸಾಲು ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ನೋಡಿ ಆದ ಮೇಲೆ ಸೇವ್ ಮಾತ್ರ ಮಾಡಬೇಡಿ, ಫೈಲ್ ಕೆಟ್ಟುಹೋಗುತ್ತದೆ. ಲಿನಕ್ಸ್ ಬಳಸುವವರಿಗೆ ‘ಸ್ಟ್ರಿಂಗ್ಸ್’ ಅನ್ನುವ ಹಳೇ ಕಮಾಂಡ್ ಇದೆ, ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ಇದಕ್ಕೆ ಹ್ಯಾಕರ್ ಆಗಬೇಕಿಲ್ಲ. ಹತ್ತನೇ ಕ್ಲಾಸಿನ ಹುಡುಗಿಗೆ ತೋರಿಸಿದರೆ ಅವಳೂ ಮಾಡುತ್ತಾಳೆ.

ಈ ಪಿಡಿಬಿ ಅಂದರೆ ಪ್ರೋಗ್ರಾಂ ಡೇಟಾಬೇಸ್. ಪ್ರೋಗ್ರಾಂ ಕೆಟ್ಟು ನಿಂತಾಗ ಯಾವ ಫೈಲ್‌ನ ಯಾವ ಸಾಲಿನಲ್ಲಿ ಕೆಟ್ಟಿತು ಅಂತ ಡಿಬಗರ್‌ಗೆ, ಅಂದರೆ ತಪ್ಪು ಹುಡುಕುವ ಟೂಲ್‌ಗೆ, ಹೇಳುವ ಫೈಲ್. ಅದು ಎಲ್ಲಿದೆ ಅಂತ ಎಕ್ಸ್‌ಇ ಫೈಲ್‌ನೊಳಗೆ ಪ್ರೋಗ್ರಾಂ ಬರೆಯುವ ಮೈಕ್ರೋಸಾಫ್ಟ್‌ನ ಟೂಲ್ ವಿಷುಯಲ್ ಸ್ಟುಡಿಯೊ ಪೂರ್ತಿ ದಾರಿ (ಡ್ರೈವ್‌ನಿಂದ ಹಿಡಿದು ಫೋಲ್ಡರ್‌ಗಳ ಸಾಲು) ಬರೆದಿಡುತ್ತದೆ. ಸಿಟ್ಟು ಬರುವುದು ಇಲ್ಲಿ. ಡಿಬಗರ್‌ಗೆ ಈ ಪೂರ್ತಿ ದಾರಿ ಬೇಕೇ ಆಗಿಲ್ಲ. ಯಾವ ಎಕ್ಸ್‌ಇಗೆ ಯಾವ ಪಿಡಿಬಿ ಅಂತ ತಾಳೆ ಹಾಕುವುದಕ್ಕೆ ಒಳಗೆ ಬೇರೆಯೇ ಒಂದು ಉದ್ದದ ಗುರುತಿನ ಸಂಖ್ಯೆ ಇದೆ, ಅದೊಂದು ಇದ್ದರೆ ಸಾಕು. ದಾರಿ ಇರುವುದು ಮೊದಲು ಇಲ್ಲಿ ಹುಡುಕು ಅನ್ನುವ ಅನುಕೂಲಕ್ಕೆ. ಆ ಅನುಕೂಲ ಸಿಗುವುದು ಬರೆದವರ ಕಂಪ್ಯೂಟರಿನಲ್ಲಿ ಮಾತ್ರ. ಫೈಲ್ ಹೊರಗೆ ಹೋದ ಮೇಲೆ ಅದರಿಂದ ಯಾರಿಗೂ ಮೂರು ಕಾಸಿನ ಉಪಯೋಗ ಇಲ್ಲ, ಬರೆದವರು ಯಾರು ಅಂತ ಹುಡುಕುವವರನ್ನು ಬಿಟ್ಟು.

ಮೈಕ್ರೋಸಾಫ್ಟ್ ಒಂದನ್ನೇ ಬೈದರೆ ಅನ್ಯಾಯ. ಸಿ ಭಾಷೆಯಲ್ಲಿ ಅಸರ್ಟ್ (ತಪ್ಪಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲಿಸುವ ಪರೀಕ್ಷೆ) ಬಳಸಿದರೆ ಫೈಲ್‌ನ ದಾರಿ ಒಳಗೆ ಬರುತ್ತದೆ. ಗೋ ಭಾಷೆ ಎಲ್ಲ ಸೋರ್ಸ್ ಫೈಲ್‌ಗಳ ದಾರಿಯ ಪಟ್ಟಿಯನ್ನೇ ಜೊತೆಗೆ ಹೊರುತ್ತದೆ. ಪೈಥಾನ್ ಭಾಷೆ ಕಂಪೈಲ್ ಮಾಡಿಡುವ ಪಿವೈಸಿ ಫೈಲ್‌ನಲ್ಲೂ ಮೂಲ ಫೈಲ್‌ನ ದಾರಿ ಕೂತಿರುತ್ತದೆ. ಈಚಿನ ವರ್ಷಗಳಲ್ಲಿ ಎಲ್ಲರೂ ಹೊಗಳುವ, ಸುರಕ್ಷಿತ ಅಂತಲೇ ಹೆಸರು ಮಾಡಿದ ರಸ್ಟ್ ಭಾಷೆಯದ್ದು ಇನ್ನೂ ತಮಾಷೆ. ಅದರಲ್ಲಿ ನಾವು ಬರೆದ ಫೈಲ್‌ನ ದಾರಿ ಸಾಮಾನ್ಯವಾಗಿ ಚಿಕ್ಕದಾಗಿ ಬರುತ್ತದೆ, ಆದರೆ ಬೇರೆಯವರಿಂದ ತಂದುಕೊಂಡ ಲೈಬ್ರರಿಗಳು (ಸಿದ್ಧ ಕೋಡಿನ ಕಟ್ಟುಗಳು) ನಮ್ಮ ಹೋಮ್ ಫೋಲ್ಡರ್‌ನೊಳಗೆ ಇಳಿಯುವುದರಿಂದ ಅವುಗಳ ಎರರ್ ಮೆಸೇಜಿನ ಜೊತೆ ನಮ್ಮ ಹೆಸರು ಮತ್ತೆ ಮತ್ತೆ ಅಚ್ಚಾಗುತ್ತದೆ. ಹೊರಗೆ ಕೊಡಲು ಅಂತಲೇ ರಿಲೀಸ್ ಬಿಲ್ಡ್ ಮಾಡಿದರೂ ಅಷ್ಟೇ. ರಸ್ಟ್ ಮಾಡಿದವರು ತಮ್ಮದೇ ಸ್ಟ್ಯಾಂಡರ್ಡ್ ಲೈಬ್ರರಿಯ ದಾರಿಯನ್ನು ಮಾತ್ರ ನೀಟಾಗಿ ಒರೆಸಿ, ಯಾರ ಮನೆಯದ್ದೂ ಅಲ್ಲದ ಒಂದು ದಾರಿ ಇಟ್ಟಿದ್ದಾರೆ. ಅಂದರೆ ಒರೆಸುವುದು ಹೇಗೆ ಅಂತ ಗೊತ್ತು ಅವರಿಗೆ.

ಪೊಲೀಸ್ ಕೆಲಸ ಮಾಡುವ ಸೈಬರ್ ತಜ್ಞರಿಗೆ ಇದು ವರ್ಷಗಳಿಂದ ಒಳ್ಳೇ ಸುಳಿವು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ನೆನಪಿರಬಹುದು, ಇರಾನಿನ ಯುರೇನಿಯಂ ಸೆಂಟ್ರಿಫ್ಯೂಜ್‌ಗಳನ್ನು ಕೆಡಿಸಿದ ವೈರಸ್ಸು. ಅಷ್ಟು ನಾಜೂಕಾಗಿ ಮಾಡಿದ ಆಯುಧದೊಳಗೂ ಒಂದು ಪಿಡಿಬಿ ಸಾಲು ಉಳಿದಿತ್ತು. ಫೋಲ್ಡರ್ ಹೆಸರು ‘ಮಿರ್ಟಸ್’, ಫೈಲ್ ಹೆಸರು ‘ಗ್ವಾವಾ’. ಇದರ ಮೇಲೆ ಎಂಥೆಂಥ ಕಥೆ ಕಟ್ಟಿದರು! ಮಿರ್ಟಸ್ ಗಿಡದಿಂದ ಬೈಬಲ್ಲಿನ ರಾಣಿ ಎಸ್ತರ್‌ವರೆಗೆ ಹೋದರು ಕೆಲವರು. ಇನ್ನು ಕೆಲವರು ಅದು ಕಾರ್ಖಾನೆ ಕಂಟ್ರೋಲ್ ಯಂತ್ರದ ಹೆಸರಿನ ಸಂಕ್ಷೇಪ ಇರಬೇಕು ಅಂದರು. 2012ರ ಆಗಸ್ಟ್‌ನಲ್ಲಿ ಸೌದಿ ಅರಾಮ್ಕೊ ಕಂಪನಿಯ ಸುಮಾರು 30,000 ಕಂಪ್ಯೂಟರುಗಳನ್ನು ಒರೆಸಿ ಹಾಕಿದ ವೈರಸ್ಸಿಗೆ ಶಮೂನ್ ಅಂತ ಹೆಸರು ಬಂದದ್ದೇ ಒಳಗೆ ಉಳಿದ ಫೋಲ್ಡರ್ ದಾರಿಯಿಂದ: ‘ಸಿ:\ಶಮೂನ್\ಅರೇಬಿಯನ್‌ಗಲ್ಫ್\ವೈಪರ್\ರಿಲೀಸ್\ವೈಪರ್.ಪಿಡಿಬಿ’. ಬರೆದವರು ಯಾರೋ, ಅವರ ಫೋಲ್ಡರ್ ಹೆಸರು ಮಾತ್ರ ಇತಿಹಾಸಕ್ಕೆ ಸೇರಿತು.

ಈ ಸುಳಿವನ್ನು ನಂಬಿ ಕೂರುವ ಹಾಗೂ ಇಲ್ಲ. 2018ರಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆ ದಿನವೇ ದಾಳಿಯಾಯಿತು. ಆ ವೈರಸ್ಸಿನೊಳಗೆ ಮೈಕ್ರೋಸಾಫ್ಟ್ ಲಿಂಕರ್ (ಕಂಪೈಲ್ ಆದ ತುಂಡುಗಳನ್ನು ಜೋಡಿಸಿ ಒಂದು ಫೈಲ್ ಮಾಡುವ ಟೂಲ್) ಸೇರಿಸುವ ‘ರಿಚ್ ಹೆಡರ್’ ಅನ್ನುವ ಒಂದು ಗುರುತಿತ್ತು. ಯಾವ ಯಾವ ಕಂಪೈಲರ್ ಬಳಸಿದರು ಅಂತ ಅದರಿಂದ ತಿಳಿಯುತ್ತದೆ. ಆ ಗುರುತು ಉತ್ತರ ಕೊರಿಯಾದ ಜೊತೆ ಹೆಸರು ಕೇಳಿಬರುವ ಲಾಜರಸ್ ಹ್ಯಾಕರ್ ಗುಂಪಿನ ಹಳೆಯ ವೈರಸ್ಸಿನದ್ದಕ್ಕೆ ಪಕ್ಕಾ ಹೊಂದುತ್ತಿತ್ತು. ಆ್ಯಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿಯ ಸಂಶೋಧಕರು ಕೆದಕಿ ನೋಡಿದರೆ ಅದು ಬೇಕೆಂದೇ ಅಂಟಿಸಿದ್ದು. ಹೆಡರ್ ಹೇಳುವ ಕಂಪೈಲರ್ ಒಂದು ಕಾಲದ್ದು, ಒಳಗಿನ ಸಾಮಾನು ಅದಕ್ಕಿಂತ ಎಷ್ಟೋ ಈಚಿನದ್ದು. ಬೇರೆಯವರ ತಲೆಗೆ ಕಟ್ಟುವ ಪ್ರಯತ್ನ ಅದು.

ಗಮನಿಸಿ, ಬುದ್ಧಿವಂತ ಕಳ್ಳರು ಇದನ್ನು ಒರೆಸುವುದನ್ನೂ ಕಲಿತಿದ್ದಾರೆ, ಸುಳ್ಳು ಬರೆಯುವುದನ್ನೂ ಕಲಿತಿದ್ದಾರೆ. ಉಳಿದವರು ಯಾರು? ಕಾಲೇಜು ಪ್ರಾಜೆಕ್ಟ್ ಮಾಡುವ ಹುಡುಗರು. ಫ್ರೀ ಟೂಲ್ ಹಂಚುವ ಪಾಪದವರು. ತನ್ನ ನಿಜವಾದ ಹೆಸರು ಹಾಕಿದರೆ ಇನ್‌ಬಾಕ್ಸ್‌ಗೆ ಬೇಡದ ಮೆಸೇಜ್ ಬರುತ್ತದೆ ಅಂತ ಅಡ್ಡಹೆಸರಿನಲ್ಲಿ ಬರೆಯುವ ಹೆಣ್ಣುಮಕ್ಕಳು. ಆಫೀಸಿಗೆ ಗೊತ್ತಾಗದ ಹಾಗೆ ಸಂಜೆ ಸ್ವಂತ ಪ್ರಾಜೆಕ್ಟ್ ನಡೆಸುವವರು. ‘ನನ್ನ ಹೆಸರು ಲಿಂಕ್ಡ್‌ಇನ್‌ನಲ್ಲೇ ಇದೆ, ಇದರಲ್ಲಿ ಇದ್ದರೆ ಏನಾಯ್ತು’ ಅನ್ನುವವರು ಇದ್ದಾರೆ. ಸರಿ, ನೀವು ಹಾಕಿದ್ದೀರಿ. ನಿಮ್ಮ ಫೋಲ್ಡರ್ ದಾರಿಯಲ್ಲಿ ಗ್ರಾಹಕರ ಹೆಸರು ಇದ್ದರೆ? ಇನ್ನೂ ಹೊರಗೆ ಹೇಳಬಾರದ ಪ್ರಾಜೆಕ್ಟಿನ ಹೆಸರು ಇದ್ದರೆ? ಫೋಲ್ಡರ್‌ಗೆ ಹೆಸರಿಡುವಾಗ ನಾವೆಲ್ಲ ಎಷ್ಟು ಸಲೀಸಾಗಿ ಇಡುತ್ತೇವೆ ಅಂದರೆ, ‘ಫೈನಲ್ ಫೈನಲ್ 2’ ಅಂತ ಇಟ್ಟವರೂ ಇದ್ದಾರೆ, ದುಡ್ಡು ಕೊಡದ ಗಿರಾಕಿಯ ಹೆಸರಿನ ಮುಂದೆ ಒಂದು ಬೈಗುಳ ಸೇರಿಸಿ ಇಟ್ಟವರೂ ಇದ್ದಾರೆ. ಅದು ಆ ಗಿರಾಕಿಯ ಕಂಪ್ಯೂಟರಿಗೇ ಹೋಗಿ ಕೂರುತ್ತದೆ!

ಒಂದು ವಿಚಾರದಲ್ಲಿ ನಮ್ಮ ಕಡೆಯವರು ತಮಗೇ ಗೊತ್ತಿಲ್ಲದೆ ಬಚಾವ್. ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸಿ ವಿಂಡೋಸ್ ಹಾಕಿಕೊಡುವ ಹುಡುಗರು ಯೂಸರ್ ಹೆಸರು ‘ಅಡ್ಮಿನ್’ ಅಂತಲೋ ‘ಎಚ್‌ಪಿ’ ಅಂತಲೋ ಇಟ್ಟು ಕೈತೊಳೆದುಕೊಳ್ಳುತ್ತಾರೆ. ಅಂಥ ಕಂಪ್ಯೂಟರಿನಿಂದ ಬಂದ ಫೈಲ್‌ನಲ್ಲಿ ಯಾರ ಹೆಸರೂ ಸಿಗುವುದಿಲ್ಲ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿ ವಿಂಡೋಸ್ ಹಾಕಿದವರಿಗೆ ಮಾತ್ರ ಇಮೇಲ್ ವಿಳಾಸದ ಮೊದಲ ಐದು ಅಕ್ಷರ ಫೋಲ್ಡರ್ ಹೆಸರಾಗಿ ಕೂರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಹೆಸರಿನ ಕಥೆ. ಪಾಸ್‌ವರ್ಡ್ ಮತ್ತು ಕೀಗಳದ್ದು (ಬೇರೆ ಸೇವೆ ಬಳಸಲು ಪ್ರೋಗ್ರಾಂಗೆ ಕೊಡುವ ಗುಪ್ತ ಸಂಕೇತ) ಇದಕ್ಕಿಂತ ದೊಡ್ಡದು.

2024ರ ಜೂನ್‌ನಲ್ಲಿ ಏನಾಯಿತು ನೋಡಿ. ಪೈಥಾನ್ ಭಾಷೆಯ ಲೈಬ್ರರಿಗಳೆಲ್ಲ ಸಿಗುವ ಜಾಗ ಪೈಪಿಐ. ಜಗತ್ತಿನ ಲಕ್ಷಾಂತರ ಪ್ರೋಗ್ರಾಂಗಳು ಅದರ ಮೇಲೆ ನಿಂತಿವೆ. ಅಲ್ಲಿನ ಒಬ್ಬ ನಿರ್ವಾಹಕರು ತಮ್ಮ ಬೇರೆ ಒಂದು ಪ್ರಾಜೆಕ್ಟಿನಲ್ಲಿ ಕೆಲಸ ಮಾಡುವಾಗ ಗಿಟ್‌ಹಬ್ (ಕೋಡ್ ಇಡುವ ವೆಬ್‌ಸೈಟ್) ‘ಇಷ್ಟು ಸಲ ಕೇಳಿದ್ದು ಸಾಕು’ ಅಂತ ತಡೆಯುತ್ತಿತ್ತು. ಅದನ್ನು ದಾಟಲು ತಮ್ಮದೇ ಗಿಟ್‌ಹಬ್ ಟೋಕನ್ನನ್ನು (ಪಾಸ್‌ವರ್ಡ್ ಬದಲು ಬಳಸುವ ಗುಪ್ತ ಸಂಕೇತ) ಕೋಡಿನಲ್ಲಿ ತಾತ್ಕಾಲಿಕವಾಗಿ ಸೇರಿಸಿ ಓಡಿಸಿದರು. ಆಮೇಲೆ ಕೋಡಿನಿಂದ ತೆಗೆದೂ ಹಾಕಿದರು, ಎಲ್ಲರೂ ಮಾಡುವ ಹಾಗೆ. ಆದರೆ ಪೈಥಾನ್ ಒಮ್ಮೆ ಓಡಿದ ಕೋಡನ್ನು ಕಂಪೈಲ್ ಮಾಡಿ ಪಕ್ಕದ ಫೋಲ್ಡರಿನಲ್ಲಿ ಪಿವೈಸಿ ಫೈಲ್ ಆಗಿ ಇಟ್ಟುಕೊಂಡಿರುತ್ತದೆ ಅಲ್ವಾ, ಟೋಕನ್ ಅದರೊಳಗೆ ಉಳಿಯಿತು. ಆ ಫೋಲ್ಡರ್ ಸಮೇತ ಡಾಕರ್ ಇಮೇಜ್ (ಪ್ರೋಗ್ರಾಂ, ಅದಕ್ಕೆ ಬೇಕಾದ್ದೆಲ್ಲ ಸೇರಿದ ಒಂದೇ ಕಟ್ಟು) ಆಗಿ, ಅಂಥ ಕಟ್ಟುಗಳನ್ನು ಹಂಚುವ ಡಾಕರ್ ಹಬ್‌ಗೆ ಹೋಯಿತು. ವರ್ಷಕ್ಕೂ ಜಾಸ್ತಿ ಕಾಲ ಅಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಇತ್ತು. ಆ ಟೋಕನ್ ಸಾಮಾನ್ಯದ್ದಲ್ಲ, ಪೈಥಾನ್ ಭಾಷೆಯ ಮೂಲ ಕೋಡ್, ಪೈಪಿಐ, ಪೈಥಾನ್ ಫೌಂಡೇಶನ್ ಎಲ್ಲದರ ಮೇಲೆ ಅಡ್ಮಿನ್ ಅಧಿಕಾರ ಇದ್ದದ್ದು. ಜೆಫ್ರಾಗ್ ಕಂಪನಿಯ ಸಂಶೋಧಕರು ಕಂಪೈಲ್ ಆದ ಫೈಲ್‌ಗಳನ್ನೂ ಜಾಲಾಡುತ್ತಿದ್ದುದರಿಂದ ಕಣ್ಣಿಗೆ ಬಿತ್ತು. ತಿಳಿಸಿದ 17 ನಿಮಿಷದಲ್ಲಿ ಟೋಕನ್ ರದ್ದಾಯಿತು, ಯಾರೂ ದುರುಪಯೋಗ ಮಾಡಿದ ಕುರುಹು ಸಿಗಲಿಲ್ಲ. ಪುಣ್ಯ. ಅವರು ಏನಾಯಿತು ಅಂತ ಮುಚ್ಚಿಡದೆ ಬರೆದರು, ಅದಕ್ಕೇ ನಮಗೆ ಇಷ್ಟು ವಿವರ ಗೊತ್ತು. ಸೋರ್ಸ್ ಕೋಡ್ ಮಾತ್ರ ನೋಡಿದವರಿಗೆ ಅದು ಎಂದೂ ಸಿಗುತ್ತಿರಲಿಲ್ಲ, ಯಾಕಂದರೆ ಸೋರ್ಸ್‌ನಲ್ಲಿ ಅದು ಇರಲೇ ಇಲ್ಲ.

ಅಂಥ ಕಡೆಯೇ ಹೀಗಾದರೆ ನಮ್ಮ ತಾಲ್ಲೂಕು ಮಟ್ಟದ ಆ್ಯಪ್‌ಗಳ ಗತಿ ಏನು? ಆಂಡ್ರಾಯ್ಡ್‌ನ ಎಪಿಕೆ, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್, ಒಂದು ಜಿಪ್ ಫೈಲ್ ಅಷ್ಟೇ, ಬಿಚ್ಚಿ ನೋಡುವ ಟೂಲ್‌ಗಳು ಫ್ರೀಯಾಗಿ ಸಿಗುತ್ತವೆ. ನನ್ನ ಪರಿಚಯದವರು ಸದಸ್ಯರಾಗಿರುವ ಒಂದು ಸಹಕಾರ ಸಂಘಕ್ಕೆ ಒಬ್ಬರು ಆ್ಯಪ್ ಮಾಡಿಕೊಟ್ಟಿದ್ದರು. ಊರಿನ ಹೆಸರು, ಮಾಡಿದವರ ಹೆಸರು ಬೇಡ. ಸಂಘದವರು ಕೇಳಿದರು ಅಂತ ಎಪಿಕೆ ಬಿಚ್ಚಿ ನೋಡಿದೆ. ಎಸ್‌ಎಂಎಸ್ ಕಳಿಸುವ ಕಂಪನಿಯ ಯೂಸರ್ ನೇಮು, ಪಾಸ್‌ವರ್ಡು ಎರಡೂ ಎದುರಿಗೇ ಬಿದ್ದಿತ್ತು. ಈಗ ಮೆಸೇಜಿನ ಟೆಂಪ್ಲೇಟ್ ಮೊದಲೇ ರಿಜಿಸ್ಟರ್ ಮಾಡಬೇಕು, ಆದ್ದರಿಂದ ಬಾಯಿಗೆ ಬಂದದ್ದನ್ನೆಲ್ಲ ಸಂಘದ ಹೆಸರಿನಲ್ಲಿ ಕಳಿಸಲು ಆಗುವುದಿಲ್ಲ, ನಿಜ. ಆದರೆ ಅದೇ ಪಾಸ್‌ವರ್ಡ್ ಹಾಕಿ ಒಳಗೆ ಹೋದರೆ ಯಾವ ಯಾವ ನಂಬರಿಗೆ ಏನೇನು ಮೆಸೇಜ್ ಹೋಗಿದೆ ಅನ್ನುವ ರಿಪೋರ್ಟ್ ಕಾಣಬಹುದು: ಯಾರ ಸಾಲ ಎಷ್ಟು, ಯಾರ ಕಂತು ಬಾಕಿ. ಹಳ್ಳಿಯಲ್ಲಿ ಅದು ಹೊರಗೆ ಬಂದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾ? ಮಾಡಿದವರಿಗೆ ಫೋನ್ ಮಾಡಿ ಹೇಳಿದ್ದಕ್ಕೆ ಬಂದ ಉತ್ತರ, ‘ಯಾರು ಸಾರ್ ಅದನ್ನೆಲ್ಲ ಬಿಚ್ಚಿ ನೋಡ್ತಾರೆ? ಕಂಪೈಲ್ ಆಗಿದೆಯಲ್ಲ.’

ಕಂಪೈಲ್ ಆಗಿದೆಯಲ್ಲ! ಈ ಒಂದು ಮಾತಿಗೇ ನಾನು ಈ ಪತ್ರ ಬರೆಯಲು ಕೂತದ್ದು.

ಸರಿಪಡಿಸುವುದು ಕಷ್ಟವೇ ಅಂದರೆ, ಹೆಸರಿನ ವಿಷಯದಲ್ಲಿ ಏನೂ ಕಷ್ಟ ಇಲ್ಲ. ವಿಷುಯಲ್ ಸ್ಟುಡಿಯೊದ ಲಿಂಕರ್‌ಗೆ ‘ಪಿಡಿಬಿ-ಆಲ್ಟ್-ಪಾತ್’ ಅನ್ನುವ ಸೆಟ್ಟಿಂಗ್ ಇದೆ, ಅದರಲ್ಲಿ ಪೂರ್ತಿ ದಾರಿ ಬದಲು ಬರೀ ಫೈಲ್ ಹೆಸರು ಬರುವ ಹಾಗೆ ಮಾಡಬಹುದು. ಗೋ ಭಾಷೆಗೆ 2019ರಲ್ಲಿ ಬಂದ 1.13ನೇ ಆವೃತ್ತಿಯಿಂದ ‘ಟ್ರಿಮ್‌ಪಾತ್’ ಇದೆ. ಸಿ ಭಾಷೆಯ ಕಂಪೈಲರ್ ಜಿಸಿಸಿಗೆ 8ನೇ ಆವೃತ್ತಿಯಿಂದ ‘ಫೈಲ್-ಪ್ರಿಫಿಕ್ಸ್-ಮ್ಯಾಪ್’ ಇದೆ. ರಸ್ಟ್‌ನಲ್ಲಿ ‘ರೀಮ್ಯಾಪ್-ಪಾತ್-ಪ್ರಿಫಿಕ್ಸ್’. ಸ್ಟ್ರಿಪ್ ಕಮಾಂಡ್ ಓಡಿಸಿದೆ, ಮುಗಿಯಿತು ಅಂದುಕೊಳ್ಳಬೇಡಿ. ಅದು ಡಿಬಗ್ ಮಾಹಿತಿ ತೆಗೆಯುತ್ತದೆ, ಎರರ್ ಮೆಸೇಜಿನ ಜೊತೆ ಅಂಟಿದ ದಾರಿಯನ್ನು ಮುಟ್ಟುವುದಿಲ್ಲ. ಇದೆಲ್ಲ ತಲೆನೋವು ಅನ್ನಿಸಿದರೆ ಸ್ವಂತ ಕಂಪ್ಯೂಟರಿನಲ್ಲಿ ಕೊನೆಯ ಬಿಲ್ಡ್ ಮಾಡುವುದನ್ನೇ ಬಿಡಿ. ತಮ್ಮ ಕಂಪ್ಯೂಟರಿನಲ್ಲೇ ಬಿಲ್ಡ್ ಮಾಡಿಕೊಡುವ ಗಿಟ್‌ಹಬ್ ಆ್ಯಕ್ಷನ್ಸ್‌ನಂಥ ಕಡೆ ಲಿನಕ್ಸ್ ಬಿಲ್ಡ್ ಮಾಡಿಸಿದರೆ ಫೈಲ್‌ನಲ್ಲಿ ಉಳಿಯುವ ಹೆಸರು ‘ರನ್ನರ್’ ಅಂತ, ಅದು ಯಾರ ಹೆಸರೂ ಅಲ್ಲ. ಡಾಕರ್ ಬಳಸುವವರು ಗಿಟ್‌ಗೆ (ಕೋಡಿನ ಬದಲಾವಣೆ ದಾಖಲಿಸುವ ಟೂಲ್) ಬೇಡದ ಫೈಲ್‌ಗಳ ಪಟ್ಟಿ ಕೊಟ್ಟರೆ ಸಾಲದು, ಡಾಕರ್‌ಗೆ ಬೇರೆಯೇ ಪಟ್ಟಿ ಕೊಡಬೇಕು.

ಡೆಬಿಯನ್ ಲಿನಕ್ಸ್‌ನವರು 2013ರಿಂದ ಒಂದು ಕೆಲಸ ಹಿಡಿದಿದ್ದಾರೆ: ಒಂದೇ ಸೋರ್ಸ್ ಕೋಡನ್ನು ಯಾರು, ಎಲ್ಲಿ, ಯಾವಾಗ ಕಂಪೈಲ್ ಮಾಡಿದರೂ ಒಂದು ಬಿಟ್ ಕೂಡ ಬದಲಾಗದೆ ಅದೇ ಫೈಲ್ ಬರಬೇಕು ಅಂತ. ಮಧ್ಯದಲ್ಲಿ ಯಾರೂ ಏನೂ ಸೇರಿಸಿಲ್ಲ ಅಂತ ಸಾಬೀತು ಮಾಡುವುದು ಅವರ ಉದ್ದೇಶ. ಅದಕ್ಕೆ ಮುಖ್ಯ ಅಡ್ಡಿ ಏನೆಂದರೆ ಇದೇ ಫೋಲ್ಡರ್ ದಾರಿ ಮತ್ತು ಕಂಪೈಲ್ ಮಾಡಿದ ತಾರೀಕು, ಗಂಟೆ. ಅವರು ತಮ್ಮ ಕೆಲಸಕ್ಕೆ ಅಂತ ಅದನ್ನು ಒರೆಸುತ್ತಾ ಬಂದರು, ಬರೆದವರ ಗುಟ್ಟೂ ಉಳಿಯಿತು.

ಪಾಸ್‌ವರ್ಡ್‌ಗೆ ಮಾತ್ರ ಇಂಥ ಯಾವ ಸೆಟ್ಟಿಂಗೂ ಇಲ್ಲ. ಆ್ಯಪ್‌ನೊಳಗೆ ಪಾಸ್‌ವರ್ಡ್ ಇಡಲೇಬಾರದು, ಅಷ್ಟೇ. ಎಸ್‌ಎಂಎಸ್ ಕಳಿಸುವ ಕೆಲಸ ಸರ್ವರ್ ಮಾಡಲಿ, ಆ್ಯಪ್ ಸರ್ವರ್‌ಗೆ ಹೇಳಲಿ. ಮ್ಯಾಪ್‌ನಂಥ ಕೀಗಳನ್ನು ಒಳಗೆ ಇಡದೆ ಗತಿಯಿಲ್ಲ, ಆದರೆ ಅದು ನಿಮ್ಮ ಆ್ಯಪ್‌ನಿಂದ ಬಂದರೆ ಮಾತ್ರ ನಡೆಯುವ ಹಾಗೆ ಗೂಗಲ್‌ನಲ್ಲಿ ಕಟ್ಟಿಹಾಕಬಹುದು. ಈಗಾಗಲೇ ಹೊರಗೆ ಹೋದ ಆ್ಯಪ್‌ನಲ್ಲಿ ಪಾಸ್‌ವರ್ಡ್ ಇದ್ದರೆ ಆ್ಯಪ್ ಅಪ್‌ಡೇಟ್ ಮಾಡಿ ಸುಮ್ನೆ ಕೂತರೆ ಪ್ರಯೋಜನ ಇಲ್ಲ. ಹಳೇ ಎಪಿಕೆ ಎಷ್ಟು ಜನರ ಫೋನಿನಲ್ಲಿದೆಯೋ. ಪಾಸ್‌ವರ್ಡನ್ನೇ ಬದಲಿಸಬೇಕು.

ಮಾಡಿಸಿಕೊಳ್ಳುವವರಿಗೆ ಒಂದು ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಜನರ ಮಾಹಿತಿಯನ್ನು ಸರಿಯಾಗಿ ಕಾಪಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಇಟ್ಟಿದ್ದಾರೆ. ‘ಆ್ಯಪ್ ಮಾಡಿದವನನ್ನು ಕೇಳಿ’ ಅಂತ ಕೈತೊಳೆದುಕೊಳ್ಳಲು ಆ ಕಾಯ್ದೆ ಬಿಡುವುದಿಲ್ಲ, ಸದಸ್ಯರ ಮಾಹಿತಿ ತೆಗೆದುಕೊಂಡವರೇ ಹೊಣೆ. ಹಾಗಾಗಿ ಆ್ಯಪ್‌ಗೆ ಕೊನೆಯ ಕಂತು ಕೊಡುವ ಮುಂಚೆ ಮಾಡಿದವರಿಗೆ ಗೊತ್ತಿಲ್ಲದ ಬೇರೆ ಒಬ್ಬರ ಹತ್ತಿರ ಎಪಿಕೆ ಬಿಚ್ಚಿಸಿ ನೋಡಿ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಖುಷಿಯಾಗಿ ಮಾಡಿಕೊಡುತ್ತಾರೆ, ಒಂದು ಮಧ್ಯಾಹ್ನದ ಕೆಲಸ.

ಕಾಲೇಜಿನ ಮೇಷ್ಟ್ರುಗಳಿಗೂ ಒಂದು ಕೋರಿಕೆ ಇದೆ. ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ರಿಪೋರ್ಟಿಗೆ ಯಾವ ಬಣ್ಣದ ರಟ್ಟು, ಎಷ್ಟು ಪಾಯಿಂಟ್ ಫಾಂಟು ಅಂತ ತಲೆ ತಿನ್ನುತ್ತೀರಲ್ಲ, ಅದರ ಜೊತೆ ಫೈಲ್ ಮೇಲೆ ಒಮ್ಮೆ ‘ಸ್ಟ್ರಿಂಗ್ಸ್’ ಓಡಿಸಿ ತೋರಿಸು ಅಂತಲೂ ಕೇಳಿ. ಮಕ್ಕಳ ತಪ್ಪು ಅಂತ ಬೈಯುವುದು ಬೇಡ. ಕಂಪೈಲರ್ ಕೇಳದೆಯೇ ಹೆಸರು ಬರೆದಿಡುತ್ತದೆ, ಬೇಡ ಅನ್ನುವವರು ಸೆಟ್ಟಿಂಗ್ ಹುಡುಕಿಕೊಂಡು ಹೋಗಬೇಕು. ನನ್ನ ಪ್ರಕಾರ ಇದು ತಿರುಗಾಮುರುಗಾ ಆಗಿರಬೇಕಿತ್ತು, ದಾರಿ ಬೇಕು ಅನ್ನುವವರು ಸೆಟ್ಟಿಂಗ್ ಹಾಕಿಕೊಳ್ಳಲಿ. ಇದನ್ನು ಕಂಪೈಲರ್ ಮಾಡುವವರಿಗೇ ಹೇಳಬೇಕು. ಅವರಲ್ಲಿ ಬೆಂಗಳೂರಿನಲ್ಲಿ ಕೂತು ಕೆಲಸ ಮಾಡುವವರೂ ಇದ್ದಾರೆ, ನಿಮ್ಮ ಪತ್ರಿಕೆ ಓದುವವರೂ ಇರಬಹುದು.

ಕಡೆಯದಾಗಿ, ನಿಮ್ಮ ಪತ್ರಿಕೆಗೂ ಒಂದು ಆ್ಯಪ್ ಇದೆ. ನಾನು ಅದನ್ನು ಬಿಚ್ಚಿ ನೋಡಿಲ್ಲ, ಕೇಳದೆ ನೋಡುವುದೂ ಇಲ್ಲ. ನಿಮ್ಮ ಐಟಿ ವಿಭಾಗದವರಿಗೇ ಈ ಪತ್ರ ಕೊಟ್ಟು ನೋಡಿಸಿ. ಏನಾದರೂ ಸಿಕ್ಕಿದರೆ ಅಚ್ಚು ಹಾಕಬೇಡಿ, ಮೊದಲು ಪಾಸ್‌ವರ್ಡ್ ಬದಲಿಸಿ.

ಇಂತಿ,
ನಿಮ್ಮ ಓದುಗ, ಸಾಫ್ಟ್‌ವೇರ್ ಕೆಲಸದವನು
ಮೈಸೂರು